ಜೋಡಿಯಾಗಿ ಹಾರುವ ಮುನ್ನ ಕೇಳಬೇಕಾದ ಮಾತು

ನಮ್ಮ ಚಿಕ್ಕೋಡಿ–ನಿಪ್ಪಾಣಿ ಕಡೆ ವರನ ಬಗ್ಗೆ ವಿಚಾರಿಸುವ ಪ್ರಶ್ನೆಗಳು ಬದಲಾಗಿವೆ. ಮೊದಲು ‘ಎಷ್ಟು ಎಕರೆ ಹೊಲ ಐತಿ? ಕಾರ್ಖಾನೆಗೆ ಎಷ್ಟು ಟನ್ ಕಬ್ಬು ಹೋಗ್ತೈತಿ? ನೀರು ಬಾವೀದೋ, ಹೊಳೀದೋ?’ ಎಂದು ಕೇಳುತ್ತಿದ್ದರು. ಆಮೇಲೆ ‘ಪುಣೆದಾಗ ಸ್ವಂತ ಫ್ಲ್ಯಾಟ್ ಐತೇನು?’ ಎಂಬ ಪ್ರಶ್ನೆ ಬಂತು. ಈಗ ಒಂದೇ ಪ್ರಶ್ನೆ: ‘ಯಾವ ದೇಶದಾಗ ಇದ್ದಾನ?’

ಪ್ರೀತಿಸಿದವರ ಕಥೆಯೂ ಇದಕ್ಕಿಂತ ಬೇರೆಯಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ಕುಳಿತ ಜೋಡಿಗಳ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ ಮಾತಿದು: ‘ನೀ ಮೊದಲ ಹೋಗು, ಆಮೇಲೆ ನನ್ನ ಕರಕೊಂಡ ಹೋಗು.’ ಹೇಳುವುದು ಸುಲಭ. ‘ಕರಕೊಂಡು ಹೋಗುವುದು’ ಎಂದರೆ ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದಂತಲ್ಲ. ಅದಕ್ಕೆ ಒಂದೊಂದು ದೇಶಕ್ಕೆ ಒಂದೊಂದು ಕಾನೂನಿದೆ, ಸಂಬಳದ ಮಿತಿಯಿದೆ, ಭಾಷೆಯ ಪರೀಕ್ಷೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಜೊತೆಗೆ ಹೋದವರ ಬದುಕು ಕರೆದುಕೊಂಡು ಹೋದವರ ವೀಸಾಕ್ಕೆ ಗಂಟು ಬಿದ್ದಿರುತ್ತದೆ. ಆ ಗಂಟು ಹೇಗಿರುತ್ತದೆ ಎಂದು ಹಾರ ಬದಲಿಸುವ ಮೊದಲೇ ತಿಳಿದುಕೊಳ್ಳಬೇಕು ಎನ್ನುವುದಕ್ಕೇ ಈ ಬರಹ.

ನನಗೆ ಇಪ್ಪತ್ತು ವರ್ಷ. ಮನೆ ನಿಪ್ಪಾಣಿ, ಓದುತ್ತಿರುವುದು ಬಿ.ಇ. ಅಪ್ಪ ತಂಬಾಕು ವಖಾರದಲ್ಲಿ ಲೆಕ್ಕ ಬರೆಯುತ್ತಾರೆ. ವೀಸಾ ವಿಷಯದಲ್ಲಿ ನಾನು ಪರಿಣತೆ ಅಲ್ಲ. ಆದರೆ ನನ್ನ ಹತ್ತಿರದ ಎರಡು ಜೋಡಿಗಳು ಈ ದಾರಿಯಲ್ಲಿ ನಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ನೆಪದಲ್ಲಿ ನಿಯಮಗಳನ್ನು ಕುಳಿತು ಓದಿದ್ದೇನೆ.

ಪ್ರೀತಿಗೆ ಪುರಾವೆ ಏನು?

ಮೊದಲ ಪ್ರಶ್ನೆ, ಮದುವೆಯಾಗದ ಪ್ರೇಮಿಯನ್ನು ಕರೆದುಕೊಂಡು ಹೋಗಲು ಆಗುತ್ತದೆಯೇ? ಕೆಲವು ದೇಶಗಳಲ್ಲಿ ಆಗುತ್ತದೆ. ಕೆನಡಾದಲ್ಲಿ ಇಬ್ಬರೂ ಕನಿಷ್ಠ 12 ತಿಂಗಳು ಒಂದೇ ಮನೆಯಲ್ಲಿ ಸಂಸಾರದಂತೆ ಬಾಳಿದ್ದರೆ ಮದುವೆಯಿಲ್ಲದೆಯೂ ‘ಸಂಗಾತಿ’ ಎಂದು ಒಪ್ಪುತ್ತಾರೆ. ಆಸ್ಟ್ರೇಲಿಯಾದಲ್ಲೂ ಸಾಮಾನ್ಯವಾಗಿ 12 ತಿಂಗಳ ಸಂಬಂಧ ತೋರಿಸಬೇಕು. ಬ್ರಿಟನ್ನಿನಲ್ಲಿ ಮದುವೆಗೆ ಸಮನಾದ ಎರಡು ವರ್ಷಗಳ ಸಂಬಂಧ ಇರಬೇಕು. ಜರ್ಮನಿಗೆ ಸಂಗಾತಿಯಾಗಿ ಹೋಗಬೇಕಾದರೆ ಮದುವೆ ಆಗಿರಲೇಬೇಕು. ಅಮೆರಿಕದ ‘ಕೆ-1’ ಎಂಬ ಭಾವಿ ಪತಿ–ಪತ್ನಿಯರ ವೀಸಾ ಸಿನಿಮಾಗಳಿಂದ ಹೆಸರಾಗಿದೆ. ಅದನ್ನು ಅಮೆರಿಕದ ಪ್ರಜೆ ಮಾತ್ರ ಕೊಡಿಸಬಹುದು. ಎಚ್-1ಬಿ ಮೇಲೆ ದುಡಿಯುತ್ತಿರುವ ನಮ್ಮೂರ ಹುಡುಗನಿಗೆ ಆ ದಾರಿ ಇಲ್ಲ. ಆತ ತನ್ನ ವೀಸಾದ ಮೇಲೆ ಕರೆಸಿಕೊಳ್ಳುವುದು ಹೆಂಡತಿ, ಮಕ್ಕಳನ್ನು ಮಾತ್ರ.

ಈಗ ಈ 12 ತಿಂಗಳ ನಿಯಮವನ್ನು ನಮ್ಮ ತಾಲ್ಲೂಕಿಗೆ ತಂದು ನೋಡಿ. ಚಿಕ್ಕೋಡಿಯಲ್ಲಾಗಲಿ ಅಥಣಿಯಲ್ಲಾಗಲಿ ಮದುವೆಯಾಗದ ಹುಡುಗ–ಹುಡುಗಿಗೆ ಒಟ್ಟಿಗೆ ಮನೆ ಬಾಡಿಗೆಗೆ ಕೊಡುವವರು ಯಾರು? ಬಾಡಿಗೆ ಕರಾರು ಪತ್ರದಲ್ಲಿ ಇಬ್ಬರ ಹೆಸರು ಬರೆಸುವ ಧೈರ್ಯ ಯಾರಿಗಿದೆ? ಜಂಟಿ ಬ್ಯಾಂಕ್ ಖಾತೆ ದೂರದ ಮಾತು.

ಇನ್ನೊಂದು ತಮಾಷೆ ಇದೆ, ತಮಾಷೆಗಿಂತ ಹೆಚ್ಚು ಸಂಕಟ. ಸಂಬಂಧ ನಿಜವೆಂದು ತೋರಿಸಲು ವೀಸಾ ಅಧಿಕಾರಿಗಳು ಒಟ್ಟಿಗಿರುವ ಫೋಟೊ, ಪ್ರಯಾಣದ ಟಿಕೆಟ್, ಕರೆ–ಸಂದೇಶಗಳ ದಾಖಲೆ, ಎರಡೂ ಮನೆಯವರಿಗೆ ವಿಷಯ ಗೊತ್ತಿದೆ ಎಂಬ ಸಾಕ್ಷಿ ನೋಡುತ್ತಾರೆ. ನಮ್ಮ ಕಡೆ ಪ್ರೀತಿಸುವವರು ಮಾಡುವ ಮೊದಲ ಕೆಲಸವೇ ಇವನ್ನೆಲ್ಲ ಅಳಿಸಿ ಹಾಕುವುದು. ಅಣ್ಣನ ಕೈಗೆ ಮೊಬೈಲ್ ಸಿಕ್ಕರೆ ಎಂಬ ಭಯಕ್ಕೆ ರಾತ್ರಿಯ ಚಾಟ್ ಬೆಳಗಾಗುವಷ್ಟರಲ್ಲಿ ಡಿಲೀಟ್. ನಾಲ್ಕು ವರ್ಷ ಪ್ರೀತಿಸಿದವರ ಬಳಿ ನಾಲ್ಕು ಫೋಟೊ ಇರುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಉಳಿಯುವ ಗಟ್ಟಿ ಪುರಾವೆ ಒಂದೇ, ವಿವಾಹ ನೋಂದಣಿ ಪ್ರಮಾಣಪತ್ರ.

ಸಲಿಂಗ ಜೋಡಿಗಳಿಗೆ ಆ ಪ್ರಮಾಣಪತ್ರವೂ ಇಲ್ಲ. ಅಂಥ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಒಪ್ಪಲಿಲ್ಲ. ಹೀಗಾಗಿ ಭಾರತದಿಂದ ಹೊರಡುವ ಅಂಥ ಜೋಡಿ ‘ಒಟ್ಟಿಗೆ ಬಾಳಿದ್ದೇವೆ’ ಎಂಬ ಪುರಾವೆಯನ್ನೇ ನೆಚ್ಚಬೇಕು.

ಕಾಗದದ ದಾರಿ ಬಿಟ್ಟು ಹೋದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಆನ್‌ಲೈನ್ ಲೂಡೊ ಆಡುತ್ತಾ ಪರಿಚಯವಾದ ಪಾಕಿಸ್ತಾನದ ಯುವತಿಯೊಬ್ಬಳು ಇಲ್ಲಿಯ ಹುಡುಗನಿಗಾಗಿ ನೇಪಾಳದ ಮೂಲಕ ವೀಸಾ ಇಲ್ಲದೆ ಬಂದು ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದಳು. 2023ರ ಜನವರಿಯಲ್ಲಿ ಪೊಲೀಸರಿಗೆ ಗೊತ್ತಾಯಿತು, ಫೆಬ್ರುವರಿಯಲ್ಲಿ ಆಕೆಯನ್ನು ಗಡಿ ದಾಟಿಸಿ ವಾಪಸು ಕಳಿಸಿದರು. ಅವರ ಪ್ರೀತಿ ಸುಳ್ಳೆಂದು ಯಾರೂ ಹೇಳಲಿಲ್ಲ. ಕಾನೂನು ಅದನ್ನು ಕೇಳಲೇ ಇಲ್ಲ.

ಹೆಂಡತಿ ಮುಂದೆ, ಗಂಡ ಹಿಂದೆ

ನಮ್ಮ ಕಾಲೇಜಿನ ಇಬ್ಬರು ಸೀನಿಯರ್‌ಗಳ ಕಥೆ ಹೇಳುತ್ತೇನೆ. ಅಕ್ಕ ಕಾಗವಾಡದವಳು, ಅಣ್ಣ ರಾಯಬಾಗದವನು. ಜಾತಿ ಬೇರೆ. ಮೂರನೇ ಸೆಮಿಸ್ಟರ್‌ನಿಂದ ಜೊತೆ. ಓದು ಮುಗಿದ ಮೇಲೆ ಅಣ್ಣನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅಕ್ಕನಿಗೆ ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಆಸೆ.

ಮೊದಲು ನೋಡಿದ್ದು ಬ್ರಿಟನ್. ಒಂದೇ ವರ್ಷದ ಕೋರ್ಸ್, ಇಂಗ್ಲಿಷ್ ಸಾಕು. ಆದರೆ 2024ರ ಜನವರಿಯಿಂದ ಅಲ್ಲಿ ಹೊಸ ನಿಯಮ: ಪಿಎಚ್‌.ಡಿಯಂಥ ಸಂಶೋಧನಾ ಕೋರ್ಸ್ ಮಾಡುವವರನ್ನು ಬಿಟ್ಟರೆ ಉಳಿದ ಹೆಚ್ಚಿನ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಕೆನಡಾ ನೋಡಿದರು. ಅಲ್ಲಿ 2025ರ ಜನವರಿ 21ರಿಂದ ವಿದ್ಯಾರ್ಥಿಗಳ ಸಂಗಾತಿಗೆ ಸಿಗುತ್ತಿದ್ದ ಮುಕ್ತ ಕೆಲಸದ ಪರವಾನಗಿಯನ್ನು ಬಿಗಿ ಮಾಡಿದರು. 16 ತಿಂಗಳು ಅಥವಾ ಹೆಚ್ಚಿನ ಮಾಸ್ಟರ್ಸ್, ಪಿಎಚ್‌.ಡಿ ಮತ್ತು ಕೆಲವು ವೃತ್ತಿಪರ ಕೋರ್ಸ್‌ಗಳಿಗೆ ಮಾತ್ರ ಅದು ಉಳಿಯಿತು. ಡಿಪ್ಲೊಮಾ ಕೋರ್ಸ್ ಸೇರಿ ಸಂಗಾತಿಯನ್ನು ದುಡಿಯಲು ಕರೆಸಿಕೊಳ್ಳುವ ಲೆಕ್ಕ ಹಾಕಿದ್ದವರಿಗೆ ಬಾಗಿಲು ಮುಚ್ಚಿತು.

ಕೊನೆಗೆ ಆರಿಸಿಕೊಂಡದ್ದು ಜರ್ಮನಿ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಆದರೆ ವಿದ್ಯಾರ್ಥಿ ಒಂದು ವರ್ಷದ ಖರ್ಚಿಗೆ 11,904 ಯೂರೊ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಡಬೇಕು. ನಮ್ಮ ಲೆಕ್ಕದಲ್ಲಿ 11 ಲಕ್ಷ ರೂಪಾಯಿಗೂ ಮೇಲೆ. ಗಂಡ ಬರುವುದಾದರೆ ಅವನ ಖರ್ಚಿಗೂ ಹಣ ತೋರಿಸಬೇಕು. ಅವನು ಜರ್ಮನ್ ಭಾಷೆಯ ಎ1 ಪರೀಕ್ಷೆ ಪಾಸಾಗಬೇಕು. ವಾಸದ ಪರವಾನಗಿ ಸಿಗುವ ಮೊದಲೇ ಮದುವೆಯಾಗಿದ್ದರೆ ದಾರಿ ಸಲೀಸು, ಓದುವಾಗ ನಡುವೆ ಬಂದು ಮದುವೆಯಾದರೆ ಕಠಿಣ. ಒಂದು ದೊಡ್ಡ ಅನುಕೂಲವೂ ಇದೆ: ಕುಟುಂಬದ ಪರವಾನಗಿ ಮೇಲೆ ಹೋದ ಸಂಗಾತಿ ಅಲ್ಲಿ ಕೆಲಸ ಮಾಡಬಹುದು, ಬೇರೆ ಅನುಮತಿ ಬೇಕಿಲ್ಲ.

ಹೀಗಾಗಿ ಮದುವೆ ಮೊದಲು ಆಗಲೇಬೇಕಾಯಿತು. ಕಾಗವಾಡದ ಮನೆಯಲ್ಲಿ ಎರಡು ತಿಂಗಳು ಅಳು, ಮೌನ, ಹಿರಿಯರ ಪಂಚಾಯಿತಿ. ಕೊನೆಗೆ ಅಕ್ಕನ ಅಪ್ಪ ‘ಹುಡುಗಿ ಓದಾಕ ಹೊಂಟಾಳ, ಓಡಿ ಹೊಂಟಿಲ್ಲ’ ಎಂದು ಒಪ್ಪಿಕೊಂಡರು. ಗುಡಿಯಲ್ಲಿ ಅಕ್ಷತೆ ಬಿತ್ತು, ನಂತರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ.

ರಾಯಬಾಗದಲ್ಲಿ ತಕರಾರು ಬೇರೆಯದೇ ಇತ್ತು. ಅಣ್ಣನ ಕಾಕಾ ಅಂದರಂತೆ: ‘ಅಲ್ಲೋ, ಗಂಡ ಹೆಂಡ್ತೀನ ಕರಕೊಂಡ ಹೋಗೂದು ನೋಡೀನಿ. ಹೆಂಡ್ತಿ ಗಂಡನ್ನ ಕರಕೊಂಡ ಹೋಗೂದು ಇದ ಮೊದಲ ನೋಡಪಾ!’ ಹಬ್ಬಕ್ಕೆ ಊರಿಗೆ ಹೋದರೆ ಗೆಳೆಯರೂ ಕಾಲೆಳೆಯುತ್ತಾರೆ. ಅಣ್ಣ ನಕ್ಕು ಸುಮ್ಮನಾಗುತ್ತಾನೆ. ಪುಣೆಯಲ್ಲಿ ಕೆಲಸ ಮುಗಿಸಿ ಸಂಜೆ ಜರ್ಮನ್ ಕ್ಲಾಸಿಗೆ ಹೋಗುತ್ತಾನೆ. ಎ1 ಪಾಸಾಗಿದೆ. ಅಕ್ಕ ಹೋಗಿ ಒಂದು ಸೆಮಿಸ್ಟರ್ ಕಳೆದಿದೆ. ಅಣ್ಣನ ಅರ್ಜಿ ಮುಂಬೈನಲ್ಲಿದೆ, ಉತ್ತರ ಬಂದಿಲ್ಲ. ‘ದಿನಾ ಮುಂಜಾನೆ ಮೊದಲ ಇಮೇಲ್ ನೋಡ್ತೀನಿ, ಆಮೇಲೆ ಮಾರಿ ತೊಳ್ಕೋತೀನಿ’ ಎಂದು ಹೋದ ವಾರ ಫೋನಿನಲ್ಲಿ ಹೇಳಿದ.

ಕೊಲ್ಹಾಪುರದ ಹಳೆಯ ಕಥೆ

ಕಾಕಾ ‘ಇದ ಮೊದಲ’ ಅಂದದ್ದು ಅಷ್ಟು ಸರಿಯಲ್ಲ. ನಿಪ್ಪಾಣಿಯಿಂದ ಸುಮಾರು 40 ಕಿಲೊಮೀಟರ್ ದೂರದ ಕೊಲ್ಹಾಪುರದಲ್ಲಿ ಅಂಚೆ ಇಲಾಖೆಯ ನೌಕರರಾಗಿದ್ದ ಗೋಪಾಲರಾವ್ ಜೋಶಿ ಹೆಂಡತಿಯನ್ನು ಓದಿಸಬೇಕೆಂದು ಅಮೆರಿಕದ ಮಿಷನರಿಗೆ ಪತ್ರ ಬರೆದಿದ್ದರು. ಅಮೆರಿಕದ ಪತ್ರಿಕೆಯಲ್ಲಿ ಅದನ್ನು ಓದಿದ ನ್ಯೂಜೆರ್ಸಿಯ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಮಹಿಳೆ ಆಶ್ರಯ ಕೊಡಲು ಮುಂದೆ ಬಂದರು. 1883ರಲ್ಲಿ ಹದಿನೆಂಟು ವರ್ಷದ ಆನಂದಿಬಾಯಿ ಜೋಶಿ ಗಂಡನನ್ನು ಇಲ್ಲಿಯೇ ಬಿಟ್ಟು ಕಲ್ಕತ್ತಾದಿಂದ ಹಡಗು ಹತ್ತಿದರು. ಗೋಪಾಲರಾವ್ ಅಮೆರಿಕ ಸೇರಿದ್ದು ಆಮೇಲೆ. 1886ರಲ್ಲಿ ಆನಂದಿಬಾಯಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಡಾಕ್ಟರ್ ಆದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಅವರಿಗೆ ಹುದ್ದೆ ಕಾದಿತ್ತು. ಕ್ಷಯ ಬಿಡಲಿಲ್ಲ. 1887ರ ಫೆಬ್ರುವರಿಯಲ್ಲಿ, 22 ತುಂಬುವ ಮೊದಲೇ ತೀರಿಕೊಂಡರು.

ಆಗ ಅವರಿಗೆ ವೀಸಾ ಬೇಕಿರಲಿಲ್ಲ. ಆಮೇಲೆ 1917ರ ಕಾನೂನು ಭಾರತದವರ ವಲಸೆಯನ್ನು ಬಹುತೇಕ ನಿಲ್ಲಿಸಿತು. 1946ರಲ್ಲಿ ವರ್ಷಕ್ಕೆ 100 ಜನರ ಕೋಟಾ ಕೊಟ್ಟರು, 1965ರ ಕಾನೂನಿನ ನಂತರವೇ ಬಾಗಿಲು ದೊಡ್ಡದಾಗಿ ತೆರೆದದ್ದು. ಇಂದು ನಾವು ‘ಸಹಜ’ ಎಂದುಕೊಂಡಿರುವ ವೀಸಾಗಳಿಗೆ ಒಂದು ಜೀವಮಾನದಷ್ಟೇ ವಯಸ್ಸು. ತೆರೆದ ಬಾಗಿಲು ಮುಚ್ಚಿದ್ದೂ ಇದೆ ಎಂಬುದನ್ನು ಮರೆಯಬಾರದು.

ಅಥಣಿಯ ಅಕ್ಕನ ಅರವತ್ತು ದಿನ

ಇನ್ನೊಂದು ಕಥೆ ನಮ್ಮ ಮನೆಯದೇ. ದೊಡ್ಡವ್ವನ ಮಗಳು, ಅಥಣಿಯವಳು. ಇ ಆ್ಯಂಡ್ ಸಿಯಲ್ಲಿ ಬಿ.ಇ ಮಾಡಿ ಪುಣೆಯಲ್ಲಿ ಎರಡು ವರ್ಷ ದುಡಿದಿದ್ದಳು. ಮದುವೆಯಾಗಿ ಎಚ್-4 ವೀಸಾದ ಮೇಲೆ ಅಮೆರಿಕಕ್ಕೆ ಹೋದಳು. ಎಚ್-4 ಎಂದರೆ ಎಚ್-1ಬಿ ಮೇಲೆ ದುಡಿಯುವವರ ಸಂಗಾತಿಯ ವೀಸಾ. ಅಲ್ಲಿ ವಾಸ ಮಾಡಬಹುದು, ಓದಬಹುದು. ಕೆಲಸ ಮಾಡುವಂತಿಲ್ಲ.

2015ರ ಮೇ 26ರಿಂದ ಒಂದು ವಿನಾಯಿತಿ ಇದೆ. ಗಂಡನ ಗ್ರೀನ್ ಕಾರ್ಡಿನ ಒಂದು ಹಂತವಾದ ಐ-140 ಅರ್ಜಿಗೆ ಅನುಮೋದನೆ ಸಿಕ್ಕಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಕಾರಣಕ್ಕೆ ಅವನ ಎಚ್-1ಬಿ ಆರು ವರ್ಷ ಮೀರಿ ವಿಸ್ತರಣೆಯಾಗಿದ್ದರೆ ಹೆಂಡತಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಆ ಅನುಮತಿ ಸಿಗುವವರೆಗೆ ಅಕ್ಕ ಮೂರೂವರೆ ವರ್ಷ ಮನೆಯಲ್ಲಿ ಕುಳಿತಳು. ‘ಬೆಳಿಗ್ಗೆ ಎಂಟಕ್ಕ ಅವರು ಹೋದ್ರ, ಸಂಜಿ ಆರರ ತನಕ ಮನ್ಯಾಗ ನಾನೊಬ್ಬಾಕಿ. ತರಕಾರಿ ತರಾಕೂ ಕಾರು ಬೇಕು’ ಎನ್ನುತ್ತಿದ್ದಳು. ಊರಲ್ಲಿ ಎಲ್ಲರೂ ಅವಳು ಸುಖದ ಸುಪ್ಪತ್ತಿಗೆಯಲ್ಲಿ ಇದ್ದಾಳೆಂದೇ ಮಾತಾಡುತ್ತಿದ್ದರು.

ಅಂತೂ ಅನುಮತಿ ಬಂತು, ಕೆಲಸ ಸಿಕ್ಕಿತು. ಎಂಟು ತಿಂಗಳಾಗುವಷ್ಟರಲ್ಲಿ ಭಾವನ ಕಂಪನಿ ಜನರನ್ನು ತೆಗೆಯಿತು, ಅದರಲ್ಲಿ ಭಾವನೂ ಒಬ್ಬರು. ಎಚ್-1ಬಿ ಮೇಲಿರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ ಅವಕಾಶ. ಅಷ್ಟರೊಳಗೆ ಹೊಸ ಕಂಪನಿ ಅವರಿಗಾಗಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಅಕ್ಕನ ಕೆಲಸ ಗಟ್ಟಿಯಾಗಿಯೇ ಇತ್ತು. ಅವಳ ಮ್ಯಾನೇಜರ್‌ಗೆ ಅವಳ ಮೇಲೆ ಮೆಚ್ಚುಗೆಯೂ ಇತ್ತು. ಆದರೆ ಅವಳು ಅಲ್ಲಿ ಇರುವ ಹಕ್ಕು ಭಾವನ ವೀಸಾದಿಂದ ಬಂದದ್ದು. ಅದು ಹೋದರೆ ಅವಳ ಕೆಲಸವೂ ಹೋದಂತೆ. ಅಥಣಿಯಲ್ಲಿ ದೊಡ್ಡವ್ವ ದಿನ ಎಣಿಸುತ್ತಿದ್ದಳು. 52ನೇ ದಿನ ಭಾವನಿಗೆ ಇನ್ನೊಂದು ಕಂಪನಿ ಸಿಕ್ಕಿತು. ಉಳಿದುಕೊಂಡರು.

ಗ್ರೀನ್ ಕಾರ್ಡ್ ಬಂದರೆ ಈ ತೊಡಕು ಮುಗಿಯುತ್ತದೆ. ಆದರೆ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಸಿಗುವ ಪಾಲಿಗೆ ಶೇ 7ರ ಮಿತಿ ಇದೆ. ಅರ್ಜಿ ಹಾಕಿದ ಭಾರತೀಯರು ಲಕ್ಷಗಟ್ಟಲೆ. ಸರದಿ ದಶಕಗಳಷ್ಟು ಉದ್ದ.

ಸಾಲದ್ದಕ್ಕೆ ಎಲ್ಲ ಸಂಗಾತಿ ವೀಸಾಗಳೂ ಒಂದೇ ಅಲ್ಲ. ಅಮೆರಿಕದಲ್ಲೇ ವಿದ್ಯಾರ್ಥಿಯ ಸಂಗಾತಿಗೆ (ಎಫ್-2) ಕೆಲಸದ ಹಕ್ಕೇ ಇಲ್ಲ. ಕಂಪನಿಯೊಳಗೆ ವರ್ಗವಾಗಿ ಹೋದವರ ಸಂಗಾತಿಗೆ (ಎಲ್-2) 2021ರ ನವೆಂಬರ್‌ನಿಂದ ಬೇರೆ ಅನುಮತಿ ಇಲ್ಲದೆ ಕೆಲಸ ಮಾಡುವ ಹಕ್ಕಿದೆ. ಒಂದು ಅಕ್ಷರ ಬದಲಾದರೆ ಒಬ್ಬಾಕೆಯ ಐದಾರು ವರ್ಷ ಬದಲಾಗುತ್ತದೆ. ಹೀಗಿದ್ದೂ ಹುಡುಗಿ ನೋಡುವ ಶಾಸ್ತ್ರದಲ್ಲಿ ಸಂಬಳ ಕೇಳುತ್ತಾರೆ, ವೀಸಾದ ಹೆಸರನ್ನು ಯಾರೂ ಕೇಳುವುದಿಲ್ಲ.

ಕಾಗದ ಸರಿ ಮಾಡಿಕೊಳ್ಳಿ

ಗಡಿ ತಾಲ್ಲೂಕಿನ ನಮಗೆ ಒಂದು ವಿಶೇಷ ತೊಂದರೆ ಇದೆ. ನಮ್ಮ ಹೆಸರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎರಡೂ ಸೇರಿರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಅಪ್ಪಾಸಾಹೇಬ’, ಆಧಾರ್‌ನಲ್ಲಿ ‘ಅಪ್ಪಾಸಾಬ’, ಪಾಸ್‌ಪೋರ್ಟಿನಲ್ಲಿ ಬರೀ ಒಂದು ಅಕ್ಷರ. ಮೀರಜ್, ಸಾಂಗ್ಲಿ ಕಡೆ ಮದುವೆಯಾದ ಹುಡುಗಿಯರ ನಡುವಿನ ಹೆಸರೂ ಬದಲಾಗಿ ಗಂಡನ ಹೆಸರಾಗುತ್ತದೆ. ವಿವಾಹ ಪ್ರಮಾಣಪತ್ರದಲ್ಲಿ ಒಂದು, ಡಿಗ್ರಿಯಲ್ಲಿ ಇನ್ನೊಂದು ಇದ್ದರೆ ಅಧಿಕಾರಿಗೆ ಇಬ್ಬರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ. ಓದುತ್ತಿರುವಾಗಲೇ ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಮಾಡಿಸಿಕೊಳ್ಳಿ. ಪಾಸ್‌ಪೋರ್ಟಿಗೆ ಹುಬ್ಬಳ್ಳಿವರೆಗೆ ಹೋಗಬೇಕಿಲ್ಲ, ಬೆಳಗಾವಿಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಮದುವೆ ನೋಂದಣಿ ಹಿಂದೂ ವಿವಾಹ ಕಾಯ್ದೆ 1955ರಡಿ ಆಗಬಹುದು. ಧರ್ಮ ಬೇರೆಯಾಗಿದ್ದರೆ ವಿಶೇಷ ವಿವಾಹ ಕಾಯ್ದೆ 1954 ಇದೆ. ಅದರಲ್ಲಿ 30 ದಿನ ಮೊದಲು ನೋಟಿಸ್ ಕೊಡಬೇಕು, ಹಾಗಾಗಿ ಕೋರ್ಸ್ ಆರಂಭದ ದಿನದಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿ. ಕೆಲವು ದೇಶಗಳು ಪ್ರಮಾಣಪತ್ರದ ಮೇಲೆ ವಿದೇಶಾಂಗ ಸಚಿವಾಲಯದ ‘ಅಪೋಸ್ಟಿಲ್’ ಮುದ್ರೆ ಕೇಳುತ್ತವೆ, ಅದಕ್ಕೂ ದಿನ ಹಿಡಿಯುತ್ತದೆ.

ಏಜೆಂಟರ ಬಗ್ಗೆ ಒಂದು ಮಾತು. ಪಂಜಾಬಿನಲ್ಲಿ ‘ಐಇಎಲ್‌ಟಿಎಸ್ ಮದುವೆ’ ಎಂಬುದು ನಡೆದಿದೆ. ಇಂಗ್ಲಿಷ್ ಪರೀಕ್ಷೆ ಪಾಸಾದ ಹುಡುಗಿಯ ಫೀಸನ್ನು ಹುಡುಗನ ಮನೆಯವರು ಕಟ್ಟುವುದು, ಅವಳ ಸಂಗಾತಿಯಾಗಿ ಹುಡುಗ ವಿಮಾನ ಹತ್ತುವುದು. ಹೋದ ಮೇಲೆ ಕೈಕೊಟ್ಟ ದೂರುಗಳು ಠಾಣೆ ಮೆಟ್ಟಿಲು ಹತ್ತಿವೆ. ವೀಸಾಕ್ಕಾಗಿಯೇ ಮಾಡಿದ ಮದುವೆ ಸಿಕ್ಕಿಬಿದ್ದರೆ ಇಬ್ಬರಿಗೂ ಆ ದೇಶದ ಬಾಗಿಲು ಬಹುಕಾಲ ಮುಚ್ಚುತ್ತದೆ.

ಕೇಳಲೇಬೇಕಾದ ನಾಲ್ಕು ಪ್ರಶ್ನೆ

ಒಂದು: ನಿನ್ನ ವೀಸಾದ ಹೆಸರೇನು, ಅದು ಎಂದು ಮುಗಿಯುತ್ತದೆ? ಎರಡು: ಅದರ ಮೇಲೆ ಬಂದ ಸಂಗಾತಿ ದುಡಿಯಬಹುದೇ, ಮೊದಲ ದಿನದಿಂದಲೋ ಕಾಯಬೇಕೋ? ಮೂರು: ನಿನ್ನ ಕೆಲಸ ಹೋದರೆ ನಮಗೆ ಎಷ್ಟು ದಿನ ಅವಕಾಶ? ನಾಲ್ಕು, ಎಲ್ಲಕ್ಕಿಂತ ಕಷ್ಟದ್ದು: ನಾಳೆ ನಮ್ಮಿಬ್ಬರಿಗೆ ಹೊಂದದೇ ಹೋದರೆ ನನ್ನ ಗತಿಯೇನು?

ನಾಲ್ಕನೆಯದನ್ನು ಅಪಶಕುನ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಆದರೆ ಹೊರದೇಶದ ಗಂಡಂದಿರು ಕೈಬಿಟ್ಟ ಹೆಣ್ಣುಮಕ್ಕಳ ದೂರು ನೋಡಲೆಂದೇ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ಘಟಕವಿದೆ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ ಇದೆ. ಅನಿವಾಸಿ ಭಾರತೀಯರು ಇಲ್ಲಿಯವರನ್ನು ಮದುವೆಯಾದರೆ ನೋಂದಣಿ ಕಡ್ಡಾಯವಾಗಬೇಕೆಂದು ಕಾನೂನು ಆಯೋಗ 2024ರ ಫೆಬ್ರುವರಿಯ ತನ್ನ 287ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಅಪರೂಪದ ಸಂಗತಿಯಾಗಿದ್ದರೆ ಇಷ್ಟೆಲ್ಲ ವ್ಯವಸ್ಥೆ ಬೇಕಾಗುತ್ತಿರಲಿಲ್ಲ.

ನನಗೂ ಈಗ ಒಂದು ಸಂಬಂಧ ಬಂದಿದೆ. ಹುಡುಗ ಅಮೆರಿಕದಲ್ಲಿ. ಅವ್ವನಿಗೆ ಬಹಳ ಮನಸ್ಸು. ‘ಅಲ್ಲಿ ಹೋಗಿ ಆರಾಮ ಇರ್ತೀದಿ, ಯಾಕ ಒಲ್ಲೆ ಅಂತೀ?’ ಎನ್ನುತ್ತಾಳೆ. ನಾನು ಒಲ್ಲೆ ಎಂದಿಲ್ಲ. ನನ್ನ ಈ ಡಿಗ್ರಿಗೆ ಅಪ್ಪ ಬ್ಯಾಂಕಿನಲ್ಲಿ ಮಾಡಿದ ಸಾಲ ಇನ್ನೂ ತೀರಿಲ್ಲ. ಅದನ್ನು ತೀರಿಸಬೇಕಾದವಳು ನಾನು. ನನ್ನ ಸಂಬಳದಿಂದ ತೀರಬೇಕು, ಇನ್ನೊಬ್ಬರ ಔದಾರ್ಯದಿಂದಲ್ಲ. ಹಾಗಾಗಿ ಡಿಗ್ರಿ ಮುಗಿದು ಎರಡು ವರ್ಷ ಕೆಲಸ ಮಾಡಿದ ಮೇಲೆ ಮಾತು ಎಂದಿದ್ದೇನೆ. ಅಷ್ಟಕ್ಕೂ ಕಾಯಲು ಆಗದಿದ್ದರೆ ಈ ನಾಲ್ಕು ಪ್ರಶ್ನೆಗೆ ಉತ್ತರ ಬೇಕೆಂದು ಅಪ್ಪನ ಕೈಗೆ ಚೀಟಿ ಬರೆದುಕೊಟ್ಟಿದ್ದೇನೆ. ಅಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ‘ಕೇಳೋಣ. ತಪ್ಪೇನೈತಿ?’ ಅಂದರು. ಚೀಟಿ ಅವರ ಅಂಗಿಯ ಕಿಸೆಗೆ ಹೋಯಿತು.

ಪ್ರೀತಿಸಿದ ಗೆಳೆಯ ಗೆಳತಿಯರೇ, ಮನೆಯವರು ತೋರಿಸಿದ ಸಂಬಂಧಕ್ಕೆ ಒಪ್ಪಿದವರೇ, ನೀವೂ ಕೇಳಿ. ಹುಡುಗರೂ ಕೇಳಿ, ಏಕೆಂದರೆ ನಾಳೆ ಹೆಂಡತಿಯ ವೀಸಾದ ಮೇಲೆ ಹೊರಡುವವರು ನೀವೇ ಇರಬಹುದು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಆದ್ದರಿಂದ ಏಜೆಂಟನ ಮಾತಿಗಿಂತ, ಈ ಲೇಖನಕ್ಕಿಂತಲೂ, ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ಅರ್ಜಿ ಹಾಕುವ ದಿನ ಮತ್ತೊಮ್ಮೆ ಓದಿ. ಇಬ್ಬರೂ ಕೂಡಿ ಓದಿ. ನಿಮ್ಮವರು ಅದನ್ನು ನಿಮ್ಮ ಜೊತೆ ಕುಳಿತು ಓದಲು ಬೇಸರ ಪಟ್ಟರೆ, ಅದೂ ಒಂದು ಉತ್ತರವೇ.